ಬಾಗಲಕೋಟೆಯಿಂದ ರಿಪ್ಪನ್‌ಪೇಟೆ ಕಡೆಗೆ ಬಂದಿದ್ದೇವೆ, ಸರ್ಕಾರಿ ಆಸ್ಪತ್ರೆಗೆ ಎಲ್ಲಿಂದ ಶುರು ಮಾಡಬೇಕು?

ಘಟಪ್ರಭಾ ದಂಡೆ:

ಎಲ್ಲರಿಗೂ ನಮಸ್ಕಾರ.

ನಾವು ಬಾಗಲಕೋಟೆ ಕಡೆಯವರು. ಇಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುವ ಕೆಲಸ ಸಿಕ್ಕಿದ್ದರಿಂದ ರಿಪ್ಪನ್‌ಪೇಟೆ ಹತ್ತಿರದ ಒಂದು ಹಳ್ಳಿಗೆ ಮನೆ ಬದಲಾಯಿಸಿದ್ದೇವೆ. ಮನೆಯಲ್ಲಿ ಅವ್ವ, ಹೆಂಡತಿ, ನಾನು. ನಮ್ಮ ಊರಲ್ಲಿ ಆರಾಮ ತಪ್ಪಿದರೆ ಓಣಿ ದಾಟಿದರೆ ಸಾಕು, ಆರೋಗ್ಯ ಕೇಂದ್ರ. ಅಲ್ಲಿನ ಕಂಪೌಂಡರ್ ಅವ್ವನನ್ನು ಹೆಸರು ಹಿಡಿದೇ ಮಾತಾಡಿಸುತ್ತಿದ್ದ. ಇಲ್ಲಿ ಪಕ್ಕದ ಮನೆ ಅಂದರೆ ತೋಟ ದಾಟಿ, ಹಳ್ಳದ ಕಾಲುಸಂಕ ದಾಟಿ ಹೋಗಬೇಕು. ಯಾರನ್ನು ಏನು ಕೇಳಬೇಕು ಅಂತಲೇ ತಿಳಿಯುತ್ತಿಲ್ಲ.

ಅವ್ವನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮಾತ್ರೆ ಇಷ್ಟು ದಿನ ಊರಿನ ಕೇಂದ್ರದಲ್ಲೇ ಪುಕ್ಕಟೆ ಸಿಗುತ್ತಿತ್ತು. ಬರುವಾಗ ತಂದದ್ದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಜೊತೆಗೆ ಎಡಗಣ್ಣು ಮಂಜಾಗಿದೆ ಅನ್ನುತ್ತಾಳೆ. ರೊಟ್ಟಿ ಬೇಯಿಸುವಾಗ ಅಂಚು ಸೀದದ್ದು ಕಾಣುವುದಿಲ್ಲವಂತೆ, ವಾಸನೆ ಬಂದ ಮೇಲೆಯೇ ಗೊತ್ತಾಗುವುದಂತೆ.

ಹೆಂಡತಿಗೆ ಈಗ ಐದು ತಿಂಗಳು, ಚೊಚ್ಚಲು. ತಾಯಿ ಕಾರ್ಡ್ ಊರಲ್ಲೇ ಆಗಿದೆ. ಏಳು ತಿಂಗಳಿಗೆ ಸೀಮಂತ ಮಾಡಿ ತವರಿಗೆ ಕರೆದುಕೊಂಡು ಹೋಗುತ್ತೇವೆ ಅಂತ ಅತ್ತೆ ಮಾವ ಹೇಳಿದ್ದಾರೆ. ಅಲ್ಲಿಯವರೆಗಿನ ತಪಾಸಣೆ ಇಲ್ಲೇ ಆಗಬೇಕು.

ಬಿಪಿಎಲ್ ರೇಷನ್ ಕಾರ್ಡ್ ಬಾಗಲಕೋಟೆ ವಿಳಾಸದ್ದು. ಅದರಲ್ಲಿ ಅವ್ವ ಮತ್ತು ನಾನು ಇದ್ದೇವೆ. ಹೆಂಡತಿ ಹೆಸರು ಇನ್ನೂ ಅವರ ಅಪ್ಪನ ಕಾರ್ಡಿನಲ್ಲೇ ಇದೆ.

ಮೊಬೈಲಿನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳೋಣ ಅಂತ ಕೂತೆ. ಯಾವ ಆಪ್ ತೆರೆದರೂ ಆಧಾರ್ ನಂಬರ್, ಒಟಿಪಿ. ಅವ್ವನ ಆಧಾರಿಗೆ ಜೋಡಿಸಿದ ನಂಬರ್ ಯಾವುದೋ ಕಾಲದ್ದು, ಈಗ ಚಾಲ್ತಿಯಲ್ಲಿಲ್ಲ. ಅಲ್ಲಿಗೆ ನಿಂತಿದೆ ಕೆಲಸ.

ಅವ್ವನನ್ನು ನೇರವಾಗಿ ಶಿವಮೊಗ್ಗದ ಮೆಗ್ಗಾನ್ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಲಾ? ಮೊದಲೇ ಅಪಾಯಿಂಟ್‌ಮೆಂಟ್ ಇರಬೇಕಾ, ಹಾಗೇ ಹೋದರೂ ನೋಡುತ್ತಾರಾ? ಈ ಜಿಲ್ಲೆಯವರಲ್ಲ ಅಂತ ವಾಪಸ್ ಕಳಿಸುತ್ತಾರಾ? ಹೊಸ ಕೆಲಸ, ರಜೆ ಕೇಳುವುದಕ್ಕೆ ಮುಖವಿಲ್ಲ. ಸರಿಯಾಗಿ ತಿಳಿದುಕೊಂಡೇ ಹೊರಡೋಣ ಅಂತ ಕೇಳುತ್ತಿದ್ದೇನೆ.


ದುರ್ಗಿಗುಡಿ ಹುಡುಗ:

ಸ್ವಾಗತ ಸರ್. ಆನ್‌ಲೈನ್ ವಿಷಯ ನಾನು ಹೇಳುತ್ತೇನೆ, ಉಳಿದದ್ದು ತಾಲೂಕು ಕಡೆಯವರು ಹೇಳಲಿ.

ನಿಮಗೆ ತಲೆ ಕೆಟ್ಟಿರುವುದು ಬೇರೆ ಬೇರೆ ಮೂರು ಸಂಗತಿ ಒಟ್ಟಿಗೆ ಕಂಡಿದ್ದರಿಂದ. ಒಆರ್‌ಎಸ್ ಅನ್ನುವುದು ಕೇಂದ್ರ ಸರ್ಕಾರದ ಪೋರ್ಟಲ್, 2015ರಿಂದ ಇದೆ. ರಾಜ್ಯ, ಆಸ್ಪತ್ರೆ, ವಿಭಾಗ, ದಿನ ಆರಿಸಿದರೆ ಆ ದಿನದ ಹೊರರೋಗಿ ನೋಂದಣಿ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಶುರುವಿನಿಂದಲೂ ಅದರಲ್ಲಿದೆ. ನಿಮಗೆ ಬೇಕಾದ ಆಸ್ಪತ್ರೆ ಪಟ್ಟಿಯಲ್ಲಿ ಬಂದರೆ ಬಳಸಿ. ಆದರೆ ಇಷ್ಟು ಗಂಟೆಗೆ ಡಾಕ್ಟರ್ ಕರೆಯುತ್ತಾರೆ ಅಂತ ಅಂದುಕೊಳ್ಳಬೇಡಿ. ಅದರಿಂದ ತಪ್ಪುವುದು ಚೀಟಿ ಮಾಡಿಸುವ ಸಾಲು ಮಾತ್ರ. ಡಾಕ್ಟರ್ ಬಾಗಿಲ ಸಾಲು ಎಲ್ಲರಿಗೂ ಒಂದೇ.

ಎರಡನೆಯದು ಆಭಾ. ಅದು 14 ಅಂಕಿಯ ಆರೋಗ್ಯ ನಂಬರ್. ಆಸ್ಪತ್ರೆಯ ನೋಂದಣಿ ಕೌಂಟರ್ ಹತ್ತಿರ ಕ್ಯೂಆರ್ ಕೋಡ್ ಅಂಟಿಸಿದ್ದರೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ. ಹೆಸರು ವಯಸ್ಸು ತಾನಾಗಿಯೇ ಕೌಂಟರಿಗೆ ಹೋಗಿ ಟೋಕನ್ ಬರುತ್ತದೆ. ಅನುಕೂಲ ಹೌದು, ಕಡ್ಡಾಯ ಅಲ್ಲ. ಆಭಾ ಇಲ್ಲದಿದ್ದರೆ ಚಿಕಿತ್ಸೆ ಇಲ್ಲ ಅನ್ನುವ ನಿಯಮ ಎಲ್ಲೂ ಇಲ್ಲ.

ಮೂರನೆಯದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್. ದುಡ್ಡಿನ ವಿಷಯಕ್ಕೆ ಬರುವುದು ಇದೊಂದೇ. ಸುಮಾರು ಜನ ಆಭಾ ಮಾಡಿಸಿಕೊಂಡು ಆಯುಷ್ಮಾನ್ ಕಾರ್ಡ್ ಆಯಿತು ಅಂತ ಸುಮ್ನೆ ಕೂತಿರುತ್ತಾರೆ. ಎರಡೂ ಬೇರೆ ಬೇರೆ.

ಅವ್ವನ ಆಧಾರಿಗೆ ಹೊಸ ನಂಬರ್ ಸೇರಿಸುವುದಕ್ಕೆ ಹಳೇ ನಂಬರಿನ ಒಟಿಪಿ ಬೇಕಿಲ್ಲ. ಆಧಾರ್ ಕೇಂದ್ರದಲ್ಲಿ ಬೆರಳು ಒತ್ತಿದರೆ ಸಾಕು, ಆದರೆ ಅವರೇ ಖುದ್ದು ಹೋಗಬೇಕು. ಅದನ್ನು ಪುರುಸೊತ್ತಿನಲ್ಲಿ ಮಾಡಿಸಿ. ಆಸ್ಪತ್ರೆಗೆ ಹೋಗುವುದನ್ನು ಅದಕ್ಕಾಗಿ ತಡೆಹಿಡಿಯಬೇಡಿ.


ಸಿಪ್ಪೆಗೋಟು:

ಬರೆಯುತ್ತಿರುವುದು ನಾನು, ಹೇಳುತ್ತಿರುವುದು ನಮ್ಮ ಮನೆಯವಳು. ಅವಳು ನಿಮ್ಮ ಹೊಸನಗರ ತಾಲೂಕಿನಲ್ಲೇ ಆಶಾ ಕಾರ್ಯಕರ್ತೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಪಕ್ಕದ ಮೋಟುಗೋಡೆ ಮೇಲೆ ಮಾತ್ರ. ಇಬ್ಬರೂ ಇಲ್ಲೇ ಕೂತಿದ್ದೇವೆ. ಮಧ್ಯೆ ಮಧ್ಯೆ ನನ್ನ ಮಾತೂ ಸೇರುತ್ತದೆ, ಸಹಿಸಿಕೊಳ್ಳಿ.

ಮೆಗ್ಗಾನ್ ಸದ್ಯಕ್ಕೆ ಬಿಡಿ, ಆಪ್ ಕೂಡ ಬಿಡಿ ಅನ್ನುತ್ತಿದ್ದಾಳೆ. ಮೊದಲು ನಿಮ್ಮ ಊರಿನ ಆಶಾ ಯಾರು ಅಂತ ಕಂಡುಹಿಡಿಯಿರಿ. ಅಂಗನವಾಡಿ ಟೀಚರ್, ಹಾಲಿನ ಡೇರಿ, ರೇಷನ್ ಅಂಗಡಿ, ಎಲ್ಲಿ ಕೇಳಿದರೂ ಹೇಳುತ್ತಾರೆ. ಮನೆ ಮಾಲೀಕರ ಹೆಂಡತಿಯನ್ನು ಕೇಳಿದರೆ ಇನ್ನೂ ಸುಲಭ. ಮಾಲೀಕರನ್ನು ಕೇಳಬೇಡಿ, ಗಂಡಸರಿಗೆ ಆಶಾ ಯಾರು ಅಂತ ಗೊತ್ತಿರುವುದಿಲ್ಲ. (ಇದು ಅವಳ ಮಾತು. ನನಗೆ ಮದುವೆಯಾದ್ದರಿಂದ ಗೊತ್ತು.)

ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಅನ್ನುವುದು ಲೆಕ್ಕ. ಬಯಲುಸೀಮೆಯಲ್ಲಿ ಸಾವಿರ ಜನ ಎರಡು ಓಣಿಯಲ್ಲಿ ಸಿಗುತ್ತಾರೆ. ಇಲ್ಲಿ ಗುಡ್ಡಕ್ಕೊಂದು ಮನೆ. ಹಾಗಾಗಿ ನಿಮ್ಮ ಊರಿನ ಆಶಾ ನಿಮ್ಮ ಮನೆಗೆ ಬರುವುದು ತಡ ಆಗಬಹುದು, ನೀವೇ ಫೋನ್ ಮಾಡಿ. ಹೊಸದಾಗಿ ಬಂದ ಕುಟುಂಬವನ್ನು ಅವಳು ಸರ್ವೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಬಸುರಿ ಒಬ್ಬರು, ಸಕ್ಕರೆ ಬಿಪಿ ಇರುವವರು ಒಬ್ಬರು ಅಂತ ಒಮ್ಮೆ ಬರೆದುಕೊಂಡರೆ ಆಮೇಲೆ ಉಪಕೇಂದ್ರದ ಸಿಸ್ಟರ್‌ಗೂ ಗೊತ್ತಾಗುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಗೊತ್ತಾಗುತ್ತದೆ. ಯಾವ ಜಿಲ್ಲೆಯವರು ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ವಾಸ ಇದ್ದೀರಿ, ಅಷ್ಟು ಸಾಕು.

ಇನ್ನೊಂದು ಕಾರಣವೂ ಇದೆ. ನಮ್ಮ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರ್ ಒಬ್ಬರೇ ಇರುವುದು ಜಾಸ್ತಿ. ಅವರಿಗೆ ಒಂದು ದಿನ ತಾಲೂಕಿನಲ್ಲಿ ಮೀಟಿಂಗ್, ಒಂದು ದಿನ ಶಾಲೆ ಮಕ್ಕಳ ತಪಾಸಣೆ, ಕೆಲವು ಸಲ ಎರಡು ಕೇಂದ್ರಕ್ಕೆ ಒಬ್ಬರೇ. ನಾಳೆ ಡಾಕ್ಟರ್ ಕುರ್ಚಿಯಲ್ಲಿ ಇರುತ್ತಾರಾ ಇಲ್ಲವಾ ಅನ್ನುವುದು ಆಪ್‌ನಲ್ಲಿ ಸಿಗುವುದಿಲ್ಲ. ಆಶಾಗೆ ಹಿಂದಿನ ಸಂಜೆಯೇ ಗೊತ್ತಿರುತ್ತದೆ. ನಮ್ಮ ಕಡೆ ಅಪಾಯಿಂಟ್‌ಮೆಂಟ್ ಅಂದರೆ ಇಷ್ಟೇ.

ಈಗ ಅವ್ವನ ವಿಷಯ. ಮಾತ್ರೆ ಮುಗಿಯುವ ತನಕ ಕಾಯಬೇಡಿ. ಊರಿನ ಕೇಂದ್ರದಲ್ಲಿ ಕೊಟ್ಟ ಹಳೇ ಚೀಟಿ, ಮಾತ್ರೆ ಪಟ್ಟಿಯ ಕೊನೆಯ ತುಂಡು (ಹೆಸರು ಮಿಲಿಗ್ರಾಂ ಓದಲು ಬರುವಂಥದ್ದು), ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ತೆಗೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ ತಪಾಸಣೆ ಮಾಡುವ ಕಾರ್ಯಕ್ರಮ ಅಲ್ಲಿ ಇದ್ದೇ ಇರುತ್ತದೆ. ಅವ್ವನ ಹೆಸರು ಆ ಪುಸ್ತಕಕ್ಕೆ ಏರಿದರೆ ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರೆ. ಮೆಟ್‌ಫಾರ್ಮಿನ್, ಆಮ್ಲೊಡಿಪಿನ್‌ನಂಥ ಸಾಮಾನ್ಯ ಮಾತ್ರೆ ಇರುತ್ತವೆ. ಕೆಲವು ಸಲ ಸ್ಟಾಕ್ ಬಂದಿರುವುದಿಲ್ಲ, ಆಗ ಹೊರಗೆ ತರಬೇಕಾಗುತ್ತದೆ. ಇದ್ದದ್ದು ಇದ್ದ ಹಾಗೆ ಬರಿ ಅಂತ ಅವಳೇ ಹೇಳಿದಳು.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ. ರಕ್ತ ತೆಗೆದ ತಕ್ಷಣ ತಿನ್ನಲು ಏನಾದರೂ ಡಬ್ಬಿಯಲ್ಲಿ ಇರಲಿ. ತಿಂದು ಎರಡು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ತೆಗೆಯುತ್ತಾರೆ. ಅಲ್ಲಿಯವರೆಗೆ ಜಗಲಿ ಮೇಲೆ ಕೂರಬೇಕು. ಮನೆಗೆ ಹೋಗಿ ಬರುತ್ತೇವೆ ಅಂತ ಹೊರಟರೆ ಬಸ್ ಸಿಗುವುದಿಲ್ಲ.

ಔಷಧಿ ಕೊಡುವ ಕಿಟಕಿಯಲ್ಲಿ ಒಂದು ಮಾತು ಕೇಳಿ. ಅವ್ವನಿಗೆ ಓದಲು ಬರುತ್ತದೋ ಇಲ್ಲವೋ ನೀವು ಬರೆದಿಲ್ಲ. ಕಣ್ಣು ಬೇರೆ ಮಂಜು ಅನ್ನುತ್ತೀರಿ. ನಮ್ಮ ಕೇಂದ್ರದ ಫಾರ್ಮಸಿಯವರು ಮಾತ್ರೆ ಪಟ್ಟಿಯ ಬೆನ್ನಿಗೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿ ಕೊಡುತ್ತಾರೆ. ಬೆಳಗಿನದಕ್ಕೆ ಒಂದು ಗೆರೆ, ರಾತ್ರಿಯದಕ್ಕೆ ಎರಡು. ಊಟಕ್ಕೆ ಮುಂಚೆ ನುಂಗುವುದಾದರೆ ಗೆರೆಯ ಮೇಲೆ ಒಂದು ಸೊನ್ನೆ. ನಮ್ಮ ಅತ್ತೆ ಬೆರಳಲ್ಲಿ ಗೆರೆ ಎಣಿಸಿ ತಾವೇ ಮಾತ್ರೆ ತೆಗೆದುಕೊಳ್ಳುತ್ತಾರೆ, ಯಾರನ್ನೂ ಕರೆಯುವುದಿಲ್ಲ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಸಾಲಿನ ಕೊನೆಯಲ್ಲಿ ನಿಂತು ಕೇಳಿ, ಅಷ್ಟೇ.

ಕಣ್ಣಿಗೆ ಹೊಸನಗರದ ತಾಲೂಕು ಆಸ್ಪತ್ರೆ. ಕಣ್ಣಿನವರು ವಾರದ ಎಲ್ಲಾ ದಿನ ಇರುತ್ತಾರಾ ಅಂತ ಮೊದಲೇ ವಿಚಾರಿಸಿ ಹೋಗಿ. ಪೊರೆ ಅಂತ ನೀವೇ ತೀರ್ಮಾನಿಸಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಕಣ್ಣಿನ ಹಿಂಭಾಗದ ನರಪಟಲಕ್ಕೂ ತೊಂದರೆ ಆಗಿರಬಹುದು. ಹನಿ ಹಾಕಿ ಪಾಪೆ ದೊಡ್ಡದು ಮಾಡಿ ನೋಡಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಜೊತೆಗೆ ಯಾರಾದರೂ ಇರಲೇಬೇಕು. ಪೊರೆಯೇ ಆದರೆ ಸರ್ಕಾರದಿಂದ ಉಚಿತವಾಗಿ ಆಪರೇಷನ್ ಆಗುತ್ತದೆ, ಆದರೆ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಮುಂದಕ್ಕೆ ಹಾಕುತ್ತಾರೆ. ಅದಕ್ಕೇ ಮೊದಲು ಸಕ್ಕರೆ, ಆಮೇಲೆ ಕಣ್ಣು. ನೇರ ಮೆಗ್ಗಾನ್‌ಗೆ ಹೋದರೂ ಅವರು ಮೊದಲು ಸಕ್ಕರೆ ರಿಪೋರ್ಟ್ ಎಲ್ಲಿ ಅಂತಲೇ ಕೇಳುವುದು.

ತಂಗಿಯ, ಅಂದರೆ ನಿಮ್ಮ ಹೆಂಡತಿಯ ವಿಷಯಕ್ಕೆ ಬಂದರೆ, ತಾಯಿ ಕಾರ್ಡ್ ಹೊಸದು ಮಾಡಿಸಬೇಡಿ. ಅದರಲ್ಲಿ ಬಸುರಿಯರ ನೋಂದಣಿಯ ಆರ್‌ಸಿಎಚ್ ನಂಬರ್ ಇರುತ್ತದೆ, ಅದೇ ನಂಬರ್ ಎಲ್ಲಿ ಹೋದರೂ ನಡೆಯುತ್ತದೆ. ಹೊಸ ಕಾರ್ಡ್ ಮಾಡಿಸಿದರೆ ಒಬ್ಬರಿಗೆ ಎರಡು ನಂಬರ್ ಆಗಿ, ಮಾತೃವಂದನಾ ದುಡ್ಡು ಬರುವ ಹೊತ್ತಿಗೆ ತಕರಾರು ಶುರುವಾಗುತ್ತದೆ. ಚೊಚ್ಚಲಿಗೆ ಎರಡು ಕಂತಿನಲ್ಲಿ 5,000 ರೂಪಾಯಿ ಬರುತ್ತದೆ. ಅರ್ಜಿ ಹಾಕಿದ್ದೀರಾ ಅಂತ ಅಂಗನವಾಡಿ ಟೀಚರನ್ನು ಕೇಳಿ. ಬಸುರಿಯರಿಗೆ ಮಾತೃಪೂರ್ಣ ಯೋಜನೆಯ ಊಟವೂ ಅಂಗನವಾಡಿಯದ್ದೇ. ಆ ಯೋಜನೆ ಬಂದಾಗ ದಿನಾ ಗುಡ್ಡ ಇಳಿದು ಹತ್ತಿ ಊಟಕ್ಕೆ ಬರಬೇಕು ಅಂತ ಹೊಟ್ಟೆ ಹೊತ್ತವರಿಗೆ ಹೇಳಿದ್ದು ಯಾರ ಬುದ್ಧಿಯೋ ಗೊತ್ತಿಲ್ಲ. ಬೆಂಗಳೂರಲ್ಲಿ ಕೂತು ಮಲೆನಾಡಿನ ನಕ್ಷೆ ನೋಡಿದರೆ ಎಲ್ಲಾ ಹತ್ತಿರವೇ ಕಾಣುತ್ತದೆ, ಅಲ್ವಾ. ನಿಮ್ಮ ಊರಿನಲ್ಲಿ ಈಗ ಹೇಗೆ ಕೊಡುತ್ತಿದ್ದಾರೆ ಅಂತ ವಿಚಾರಿಸಿಕೊಳ್ಳಿ.

ಪ್ರತಿ ತಿಂಗಳು 9ನೇ ತಾರೀಕು ಬಸುರಿಯರಿಗೆಂದೇ ತಪಾಸಣೆ ಇರುತ್ತದೆ. ದೇಶಕ್ಕೆಲ್ಲ ಅದೇ ದಿನ. ರಕ್ತದ ಪ್ರಮಾಣ, ಬಿಪಿ, ಮೂತ್ರ, ಮಗುವಿನ ಎದೆಬಡಿತ ಎಲ್ಲಾ ನೋಡುತ್ತಾರೆ. ಐದನೇ ತಿಂಗಳ ಸ್ಕ್ಯಾನ್ ಆಗಿದೆಯಾ? ಆಗಿಲ್ಲದಿದ್ದರೆ ತಡ ಮಾಡಬೇಡಿ, ಮಗುವಿನ ಅಂಗಾಂಗ ನೋಡುವುದು ಈ ಹೊತ್ತಿನಲ್ಲೇ. ತಂಗಿಗೆ ಮುಖ ಊದಿಕೊಳ್ಳುವುದು, ವಿಪರೀತ ತಲೆನೋವು, ಕಣ್ಣು ಕತ್ತಲೆ, ರಕ್ತ ಹೋಗುವುದು ಇವುಗಳಲ್ಲಿ ಯಾವುದು ಕಂಡರೂ 9ನೇ ತಾರೀಕು ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮನೆಯ ತನಕ ಗಾಡಿ ಬರುವುದಿಲ್ಲ ಅಂದರೆ ಯಾವ ತಿರುವಿನ ಹತ್ತಿರ ನಿಲ್ಲುತ್ತೀರಿ ಅಂತ ಈಗಲೇ ಗುರುತು ಮಾಡಿಟ್ಟುಕೊಳ್ಳಿ. ಅಡಿಕೆ ತೋಟದ ಮಧ್ಯೆ ಅಂತ ಹೇಳಿದರೆ ಈ ತಾಲೂಕಿನಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ.

ಅವಳು ಹಾಲು ಕರೆಯಲು ಎದ್ದು ಹೋದಳು. ಇನ್ನೇನಾದರೂ ಇದ್ದರೆ ಕೇಳಿ, ರಾತ್ರಿ ಬರೆಯುತ್ತೇನೆ.


ಕೊಟ್ಟೆಕಡುಬು:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಆಯುಷ್ಮಾನ್ ಕಾರ್ಡ್ ವಿಷಯ ನಾನು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಕೈ ಸುಟ್ಟುಕೊಂಡಿದ್ದೇವೆ.

ನಮ್ಮ ಮಾವನಿಗೆ ಕಿಡ್ನಿ ಕಲ್ಲಿನ ಆಪರೇಷನ್ ಆಗಬೇಕಿತ್ತು. ಒಂದು ಖಾಸಗಿ ಆಸ್ಪತ್ರೆಗೆ ಹೋದೆವು, ಹೆಸರು ಬೇಡ. ಕೌಂಟರಿನ ಹುಡುಗಿ ಕಾರ್ಡ್ ತಿರುಗಿಸಿ ನೋಡಿ, ನಡೆಯುತ್ತದೆ ಆಂಟಿ, ಅಡ್ಮಿಟ್ ಮಾಡಿ ಅಂದಳು. ಡ್ರಿಪ್ ಹಾಕಿ ಆದ ಮೇಲೆ ಇನ್ನೊಬ್ಬರು ಬಂದು, ಸರ್ಕಾರಿ ಆಸ್ಪತ್ರೆಯ ರೆಫರಲ್ ಎಲ್ಲಿ ಅಂತ ಕೇಳಿದರು. ಆಗ ಮಾವನನ್ನು ಎಬ್ಬಿಸಿ ಕರೆದುಕೊಂಡು ಹೋಗುವ ಹಾಗಿಲ್ಲ. ಸ್ವಂತ ಖರ್ಚಿನಲ್ಲಿ ಚಿಕಿತ್ಸೆ ಪಡೆಯುತ್ತೇವೆ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆ ವರ್ಷದ ಅಡಿಕೆ ದುಡ್ಡು ಅಲ್ಲಿಗೆ ಹೋಯಿತು.

ನಿಯಮ ಹೀಗಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿ ಆ ಚಿಕಿತ್ಸೆ ಆಗುವುದಿಲ್ಲ ಅಂದರೆ ಅವರು ರೆಫರಲ್ ಕೊಡುತ್ತಾರೆ, ಅದನ್ನು ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಹೃದಯಾಘಾತ, ದೊಡ್ಡ ಅಪಘಾತದಂಥ ತುರ್ತು ಪಟ್ಟಿಯಲ್ಲಿ ಇರುವುದಕ್ಕೆ ರೆಫರಲ್ ಬೇಕಿಲ್ಲ, ನೇರ ಹೋಗಬಹುದು. ನಮ್ಮ ಕಡೆಯವರು ಸ್ವಲ್ಪ ಜೋರಾದರೆ ಘಾಟಿ ಇಳಿದು ಮಣಿಪಾಲ ಅಂತ ಹೊರಟುಬಿಡುತ್ತಾರೆ. ತುರ್ತು ಆದರೆ ಹೊರಡಿ, ತಪ್ಪಿಲ್ಲ. ತುರ್ತು ಅಲ್ಲದಿದ್ದರೆ ರೆಫರಲ್ ಕೈಯಲ್ಲಿ ಇಲ್ಲದೆ ಘಾಟಿ ಇಳಿಯಬೇಡಿ.

ಈ ಯೋಜನೆಯ ವಿಷಯ ನೋಡಿಕೊಳ್ಳಲು ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಅಡ್ಮಿಟ್ ಆಗುವ ಮುಂಚೆ ಅವರ ಹತ್ತಿರ ಮಾತಾಡಿ, ಕೌಂಟರಿನವರ ಮಾತು ನಂಬಿಕೊಂಡು ಕೂರಬೇಡಿ. ಯೋಜನೆ ಒಪ್ಪಿಕೊಂಡ ಮೇಲೂ ದುಡ್ಡು ಕೇಳಿದರೆ 104ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆರೋಗ್ಯದ ಬೇರೆ ಸಂದೇಹಕ್ಕೂ ಅದೇ ನಂಬರ್.

ನಿಮ್ಮ ರೇಷನ್ ಕಾರ್ಡ್ ಬಾಗಲಕೋಟೆಯದ್ದಾದರೂ ಚಿಂತೆ ಇಲ್ಲ, ಯೋಜನೆ ಇಡೀ ರಾಜ್ಯಕ್ಕೆ ಒಂದೇ. ಹೆಂಡತಿ ಹೆಸರು ಅವರ ಅಪ್ಪನ ಕಾರ್ಡಿನಲ್ಲಿ ಇದ್ದರೆ ಸದ್ಯಕ್ಕೆ ಅದನ್ನೇ ತೋರಿಸಿ. ಹೆರಿಗೆ ಮುಗಿಯುವ ತನಕ ತೆಗೆಸುವುದು ಸೇರಿಸುವುದು ಅಂತ ಓಡಾಡಬೇಡಿ. ಒಂದು ಕಡೆ ತೆಗೆದು ಇನ್ನೊಂದು ಕಡೆ ಸೇರುವ ಮಧ್ಯೆ ಎಲ್ಲೂ ಇಲ್ಲದ ಹಾಗೆ ಆದರೆ ಕಷ್ಟ.


ಘಟಪ್ರಭಾ ದಂಡೆ:

ಎಲ್ಲರಿಗೂ ಕೈಮುಗಿದೆ. ಆಶಾ ಅಕ್ಕನ ನಂಬರ್ ಮನೆ ಮಾಲೀಕರ ಹೆಂಡತಿಯಿಂದಲೇ ಸಿಕ್ಕಿತು. ಮಾಲೀಕರನ್ನೂ ಕೇಳಿ ನೋಡಿದೆ. ನಿಜವಾಗಿ ಗೊತ್ತಿರಲಿಲ್ಲ!

ಅಕ್ಕ ಮನೆಗೆ ಬಂದಿದ್ದರು. ಅವ್ವನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಂದೆ. ಅವ್ವ ಡಬ್ಬಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ರಕ್ತ ಕೊಟ್ಟು ಜಗಲಿ ಮೇಲೆ ಕೂತು ತಿನ್ನುವಾಗ ಸುತ್ತ ಇದ್ದವರೆಲ್ಲ ಅದೇನು ಅಂತ ಕೇಳಿ, ಎಲ್ಲರಿಗೂ ಹಂಚಿ, ಕೊನೆಗೆ ಅವಳಿಗೇ ಅರ್ಧ ರೊಟ್ಟಿ. ಸಕ್ಕರೆ ಜಾಸ್ತಿ ಇದೆ. ಡಾಕ್ಟರ್ ಮಾತ್ರೆ ಬದಲಾಯಿಸಿ, ಮತ್ತೆ ತೋರಿಸಿ, ಆಮೇಲೆ ಕಣ್ಣಿಗೆ ಬರೆದು ಕೊಡುತ್ತೇನೆ ಅಂದರು. ಅವ್ವನಿಗೆ ಓದಲು ಬರುವುದಿಲ್ಲ. ಕಿಟಕಿಯಲ್ಲಿ ಗೆರೆ ಹಾಕಿ ಕೊಡಿ ಅಂತ ಕೇಳಿದೆ, ಹಾಕಿ ಕೊಟ್ಟರು.

ಇನ್ನೊಂದು ಪ್ರಶ್ನೆ. ಆಶಾ ಅಕ್ಕ ಹೋಗುವಾಗ ಒಂದು ಎಣ್ಣೆ ಬಾಟಲಿ ಕೊಟ್ಟು, ಕಾಡಿನ ಕಡೆ ಹೋಗುವುದಾದರೆ ಕೈ ಕಾಲಿಗೆ ಹಚ್ಚಿಕೊಳ್ಳಿ, ಮಂಗನ ಕಾಯಿಲೆ ಕಾಲ ಇದು ಅಂದರು. ನನಗೆ ಕೇಳಿ ಮಾತ್ರ ಗೊತ್ತು. ಹೆಂಡತಿ ಬಸುರಿ ಬೇರೆ. ಮಂಗ ಕಚ್ಚಿದರೆ ಬರುವುದಾ? ಮನೆ ಹಿಂದೆ ಮಂಗ ಸಿಕ್ಕಾಪಟ್ಟೆ ಇವೆ.


ಲಿಂಗನಮಕ್ಕಿ ಹಿನ್ನೀರು:

ಮಂಗ ಕಚ್ಚಿದರೆ ಅಲ್ಲ ಮಾರಾಯ್ರೆ, ಉಣುಗು (ಉಣ್ಣಿ) ಕಚ್ಚಿದರೆ. ಮಂಗಕ್ಕೂ ಉಣುಗು ಕಚ್ಚಿಯೇ ಬರುವುದು, ಪಾಪ ಅದೂ ಸಾಯುತ್ತದೆ. ಸತ್ತ ಮಂಗನ ಮೈಯಿಂದ ಉಣುಗುಗಳು ಉದುರಿ ಸುತ್ತ ಹರಡುತ್ತವೆ. ಅದಕ್ಕೆ ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಆಶಾಗೋ ಪಂಚಾಯಿತಿಗೋ ತಕ್ಷಣ ಹೇಳಿ. ಮನೆ ಹಿಂದೆ ಆರೋಗ್ಯವಾಗಿ ಹಾರಾಡುತ್ತಿರುವ ಮಂಗಗಳಿಂದ ಕಾಟ ಬಾಳೆಗೊನೆಗೆ ಮಾತ್ರ.

ಈ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಅದರ ವೈದ್ಯಕೀಯ ಹೆಸರಿನಲ್ಲಿ ಕ್ಯಾಸನೂರು ಇದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತ ಜೋರಾಗಿ ಬಂದು ಸಾವುಗಳಾದವು. ನಾನು ಆ ಕಡೆಯವನು. ಆ ಬೇಸಿಗೆಯಲ್ಲಿ ಯಾರಿಗೆ ಜ್ವರ ಬಂದರೂ ಊರಿಗೆ ಊರೇ ಹೆದರುತ್ತಿತ್ತು. ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹಾಗಂತ ಮನೆಯಿಂದ ಹೊರಗೇ ಬರದೆ ಕೂರಲೂ ಬೇಡಿ.

ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಮಳೆ ಹಿಡಿದರೆ ಇಳಿಯುತ್ತದೆ. ನಿಮಗೆ ಕೊಟ್ಟಿದ್ದು ಉಣುಗು ಹತ್ತದ ಹಾಗೆ ತಡೆಯುವ ಡೆಪಾ ತೈಲ ಇರಬೇಕು, ಆರೋಗ್ಯ ಇಲಾಖೆ ಉಚಿತವಾಗಿ ಹಂಚುವುದು ಅದನ್ನೇ. ಹಿಂದೆ ಲಸಿಕೆ ಹಾಕುತ್ತಿದ್ದರು, ಪರಿಣಾಮ ಸಾಲದು ಅಂತ ನಿಲ್ಲಿಸಿದ್ದಾರೆ. ತರಗೆಲೆ ಗುಡಿಸಲು, ಸೌದೆಗೆ, ಸೊಪ್ಪಿಗೆ ಅಂತ ಕಾಡಿಗೆ ಹೋಗುವವರಿಗೆ ಅಪಾಯ ಜಾಸ್ತಿ. ಕಾಡಿನಲ್ಲಿ ಮೇಯ್ದು ಬಂದ ದನದ ಮೈ ಮೇಲೂ ಉಣುಗು ಬರುತ್ತದೆ. ಹೋಗಿ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ, ಮೊಣಕಾಲ ಸಂದಿ, ಸೊಂಟದ ಸುತ್ತ ನೋಡಿಕೊಳ್ಳಿ. ಮರಿ ಉಣುಗು ಎಳ್ಳಿನಷ್ಟೂ ಇರುವುದಿಲ್ಲ. ತಂಗಿಯನ್ನು ಕಾಡಂಚಿಗೆ, ತರಗೆಲೆ ರಾಶಿ ಹತ್ತಿರಕ್ಕೆ ಕಳಿಸಬೇಡಿ. ಎಣ್ಣೆಯನ್ನು ಅವರು ಹಚ್ಚಬಹುದಾ ಅಂತ ಸಿಸ್ಟರನ್ನು ಕೇಳಿಯೇ ಹಚ್ಚಿ.

ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ದಿಢೀರ್ ಜ್ವರ, ತಲೆ ಸಿಡಿಯುವ ನೋವು, ಮೈ ಕೈ ಮುರಿದ ಹಾಗೆ ಆದರೆ ಅಂಗಡಿಯಲ್ಲಿ ನೋವಿನ ಮಾತ್ರೆ ತೆಗೆದುಕೊಂಡು ಸುಮ್ಮನಿರಬೇಡಿ. ಈ ಕಾಯಿಲೆಯಲ್ಲಿ ಕೆಲವರಿಗೆ ರಕ್ತಸ್ರಾವ ಆಗುತ್ತದೆ, ಕೆಲವು ನೋವಿನ ಮಾತ್ರೆಗಳು ಅದನ್ನು ಹೆಚ್ಚು ಮಾಡುತ್ತವೆ. ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ನೀವೇ ಬಾಯಿಬಿಟ್ಟು ಹೇಳಿ. ರಕ್ತದ ಮಾದರಿಯನ್ನು ಅವರೇ ಶಿವಮೊಗ್ಗದ ಲ್ಯಾಬಿಗೆ ಕಳಿಸುತ್ತಾರೆ.

ಹೊಸಬರಾದ್ದರಿಂದ ಹಾವಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಿಷಕ್ಕೆ ಮದ್ದಿನ ಇಂಜೆಕ್ಷನ್ ಇದೆಯಾ ಅಂತ ದಾರಿಯಲ್ಲೇ ಫೋನ್ ಮಾಡಿ ಕೇಳಿಕೊಂಡರೆ ಒಳ್ಳೆಯದು.


ಘಟಪ್ರಭಾ ದಂಡೆ:

ಹಾವಿನ ಮಾತು ಅವ್ವನಿಗೆ ಓದಿ ಹೇಳಲಿಲ್ಲ.

ಸಿಪ್ಪೆಗೋಟು ಅಣ್ಣ, ಒಂದು ಕೊನೆಯ ಪ್ರಶ್ನೆ. ಹೆಂಡತಿಗೆ ಜುಲೈಯಲ್ಲಿ ದಿನ ತುಂಬುತ್ತದೆ. ಈಗ ಅವಳು, ತವರಿಗೆ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ, ಆಶಾ ಅಕ್ಕ ಇದ್ದಾರಲ್ಲ ಅನ್ನಲು ಶುರು ಮಾಡಿದ್ದಾಳೆ. ಏನು ಮಾಡಲಿ?


ಸಿಪ್ಪೆಗೋಟು:

ಮನೆಯವಳಿಗೆ ಓದಿ ಹೇಳಿದೆ. ಜುಲೈ ಅಂದ ತಕ್ಷಣ, ಬೇಡವೇ ಬೇಡ ಅಂದಳು.

ಇಲ್ಲಿನ ಜುಲೈ ನೀವು ನೋಡಿಲ್ಲ. ಹೊಸನಗರ ತಾಲೂಕಿನ ಹುಲಿಕಲ್ ಕಡೆ ಬೀಳುವ ಮಳೆ ರಾಜ್ಯದಲ್ಲೇ ಹೆಚ್ಚಿನದರ ಸಾಲಿಗೆ ಬರುತ್ತದೆ. ಮರ ಬಿದ್ದು ರಸ್ತೆ ಕಟ್ಟುತ್ತದೆ, ವಾರಗಟ್ಟಲೆ ಕರೆಂಟ್ ಇರುವುದಿಲ್ಲ, ಟವರ್ ಸತ್ತರೆ 108ಕ್ಕೆ ಫೋನ್ ಹೋಗುವುದಿಲ್ಲ. ನೀವು ಬರೆದ ಆ ಕಾಲುಸಂಕದ ಮೇಲೆ ನೋವು ಬಂದ ಹೆಂಗಸನ್ನು ರಾತ್ರಿ ಹೊತ್ತು ದಾಟಿಸುವುದು ಅಂದರೆ ಮನೆಯವಳಿಗೂ ಎದೆ ನಡುಗುತ್ತದಂತೆ. ಅತ್ತೆ ಮಾವ ಹೇಳಿದ ಹಾಗೆ ತವರಿಗೆ ಕಳಿಸಿ. ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್, ಇಲ್ಲಿ ಹಾಕಿಸಿದ ಟಿಡಿ (ಧನುರ್ವಾಯು ತಡೆಯುವ) ಚುಚ್ಚುಮದ್ದಿನ ತಾರೀಕು ಎಲ್ಲಾ ಜೊತೆಗೆ ಕೊಟ್ಟು ಕಳಿಸಿ. ಅಲ್ಲಿನ ಆಶಾ ಮತ್ತೆ ಬರೆದುಕೊಳ್ಳುತ್ತಾಳೆ.

ತಂಗಿ ಒಪ್ಪಲೇ ಇಲ್ಲ ಅಂದರೆ, ದಿನ ತುಂಬುವುದಕ್ಕೆ ವಾರ ಹತ್ತು ದಿನ ಮುಂಚೆಯೇ ಹೊಸನಗರದಲ್ಲೋ ಶಿವಮೊಗ್ಗದಲ್ಲೋ ಪರಿಚಯದವರ ಮನೆ ನೋಡಿಕೊಂಡು ಅಲ್ಲಿಗೆ ಹೋಗಿಬಿಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ, ಸಿಸೇರಿಯನ್ ಆದರೂ, ಔಷಧಿ, ರಕ್ತ, ಊಟಕ್ಕೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಬಾಣಂತಿ ಮಗುವನ್ನು ಮನೆಗೆ ಬಿಡಲು ನಗು-ಮಗು ಗಾಡಿ ಇದೆ, ಡಿಸ್ಚಾರ್ಜ್ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಅವ್ವನನ್ನು ಕಣ್ಣಿಗೆ ಅಂತ ಮೆಗ್ಗಾನ್‌ಗೆ ಬರೆದುಕೊಟ್ಟರೆ ಬಸ್ ಸ್ಟ್ಯಾಂಡ್ ತನಕ ಹೋಗಬೇಡಿ. ಆಯನೂರು ಮೇಲೆ ಬರುವ ಬಸ್ಸಿಗೆ ಸಾಗರ ರಸ್ತೆಯಲ್ಲಿ ಆಸ್ಪತ್ರೆ ಮೊದಲು ಸಿಗುತ್ತದೆ, ಕಂಡಕ್ಟರಿಗೆ ಹೇಳಿ ಅಲ್ಲೇ ಇಳಿಯಿರಿ. ಹೆಂಗಸರಿಗೆ ಫ್ರೀ ಬಸ್ ಅಂತ ಕಾಯುತ್ತಾ ನಿಲ್ಲಬೇಡಿ, ಈ ದಾರಿಯಲ್ಲಿ ಓಡುವುದು ಪ್ರೈವೇಟ್ ಬಸ್ಸೇ ಜಾಸ್ತಿ. ಬೆಳಗಿನ ಮೊದಲ ಬಸ್ಸಿಗೇ ಹತ್ತಿ. ಶೇಂಗಾ ಹಿಂಡಿ ಉಳಿದಿದ್ದರೆ ನಮಗೂ ಸ್ವಲ್ಪ ಇರಲಿ ಅಂತ ಮನೆಯವಳು ಹೇಳುತ್ತಿದ್ದಾಳೆ.